ತಿದ್ದಿದ ಪ್ರೋಟೀನಿನ ಸಾಕ್ಷಿ ನಂಬಬಹುದೇ?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಎಚ್‌ಎಲ್‌ಎ ಎಂಬ ರೋಗನಿರೋಧಕ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಬಾಲ ಕತ್ತರಿಸಿ, ಅಲ್ಲಲ್ಲಿ ತಿದ್ದಿ, ತನಗೆ ಬೇಕಾದ ಪೆಪ್ಟೈಡನ್ನು ಅದರಲ್ಲಿ ಕೂರಿಸುತ್ತಾಳಂತೆ. ಜೀವಕೋಶ ಪೆಪ್ಟೈಡನ್ನು ಹೇಗೆ ತೋರಿಸುತ್ತದೆ ಎಂದು ತಿಳಿಯಲು ಇದೆಲ್ಲ ಬೇಕು ಅನ್ನುತ್ತಾಳೆ. ಮನುಷ್ಯರ ಕೋಶದಲ್ಲಿ ಇರುವುದನ್ನು ಇದ್ದಹಾಗೇ ತೆಗೆದು ನೋಡಿದರೆ ಆಗದೇ? ಇಷ್ಟೆಲ್ಲ ತಿದ್ದಿದ ಮೇಲೆ ಅದು ಹೇಳಿದ್ದನ್ನು ನಂಬುವುದು ಹೇಗೆ? ನಮ್ಮ ಕಡೆಯ ಮಂಗನ ಕಾಯಿಲೆಗೆ ಇದರಿಂದ ಏನಾದರೂ ಪ್ರಯೋಜನ ಉಂಟೋ?
– ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರರು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಆಗುತ್ತದೆ. ಇದ್ದಹಾಗೇ ತೆಗೆದು ನೋಡಿದ್ದೂ ಆಗಿದೆ. ಆ ದಾರಿಯಲ್ಲಿ ಎಷ್ಟು ದೂರ ಹೋಗಲು ಸಾಧ್ಯವಾಯಿತು, ಎಲ್ಲಿ ಕಾಲು ಕಟ್ಟಿಹಾಕಿದಂತಾಯಿತು ಎನ್ನುವುದನ್ನು ಹೇಳಿದರೆ ತಿದ್ದುವ ಕೆಲಸ ಯಾಕೆ ಶುರುವಾಯಿತು ಎಂದು ನಿಮಗೇ ತಿಳಿಯುತ್ತದೆ.

ಮೊದಲು ಈ ಪ್ರೋಟೀನಿನ ಕೆಲಸವೇನು ಎಂದು ಚುಟುಕಾಗಿ ಹೇಳಿಬಿಡುತ್ತೇನೆ. ವೈರಸ್ಸು ಕೋಶದ ಒಳಹೊಕ್ಕ ಮೇಲೆ ರಕ್ತದಲ್ಲಿರುವ ಪ್ರತಿಕಾಯಗಳ ಕೈಗೆ ಸಿಗುವುದಿಲ್ಲ. ಸೋಂಕಾದ ಕೋಶವನ್ನು ಹುಡುಕಿ ಕೊಲ್ಲಬೇಕಾದವು ಟಿ ಕೋಶಗಳು. ಅವಕ್ಕೂ ಇನ್ನೊಂದು ಕೋಶದ ಒಳಗೆ ಇಣುಕುವ ಶಕ್ತಿಯಿಲ್ಲ. ಶಿರಸಿ ಯಾರ್ಡಿನಲ್ಲಿ ಟೆಂಡರ್ ಬರೆಯುವ ವ್ಯಾಪಾರಿ ಎಲ್ಲ ಚೀಲವನ್ನೂ ಸುರಿಸಿ ನೋಡುತ್ತಾನೆಯೇ? ಮುಂದಿಟ್ಟ ಹಿಡಿ ಅಡಿಕೆ ನೋಡಿ ದರ ಹಾಕುತ್ತಾನೆ. ಕೋಶವೂ ತನ್ನೊಳಗೆ ತಯಾರಾದ ಪ್ರೋಟೀನುಗಳ ಸ್ಯಾಂಪಲ್ಲನ್ನು ಸದಾ ಹೊರಗಿಡುತ್ತಿರುತ್ತದೆ. ಪ್ರೋಟಿಯಾಸೋಮ್ ಎಂಬ ಯಂತ್ರ ಪ್ರೋಟೀನುಗಳನ್ನು ತುಂಡರಿಸುತ್ತದೆ. ಟ್ಯಾಪ್ ಎಂಬ ಸಾಗಣೆದಾರ ಆ ತುಂಡುಗಳನ್ನು ಕೋಶದ ಒಳಜಾಲಕ್ಕೆ ದಾಟಿಸುತ್ತದೆ. ಅಲ್ಲಿ ತುದಿಗಳನ್ನು ಸವರಿದ ಮೇಲೆ, ಎಂಟರಿಂದ ಹತ್ತು ಅಮೈನೋ ಆಮ್ಲ ಉದ್ದದ ತುಂಡು ಎಂಎಚ್‌ಸಿ ಪ್ರೋಟೀನಿನ ಬಾಯಲ್ಲಿರುವ ಒಂದು ಕಾಲುವೆಯಲ್ಲಿ ಕೂತು ಕೋಶದ ಮೇಲ್ಮೈಗೆ ಬರುತ್ತದೆ. ಆ ತುಂಡೇ ಪೆಪ್ಟೈಡ್. ಮನುಷ್ಯರಲ್ಲಿ ಈ ಎಂಎಚ್‌ಸಿಯ ಹೆಸರು ಎಚ್‌ಎಲ್‌ಎ.

ಟಿ ಕೋಶ ಬರೀ ವೈರಸ್ಸಿನ ತುಂಡನ್ನು ಗುರುತಿಸುವುದಿಲ್ಲ, ತನ್ನವರ ಎಂಎಚ್‌ಸಿ ಜೊತೆ ಸೇರಿಸಿಯೇ ಗುರುತಿಸುತ್ತದೆ ಎನ್ನುವುದನ್ನು 1974ರಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕೆಲಸ ಮಾಡುತ್ತಿದ್ದ ಪೀಟರ್ ಡೋಹರ್ಟಿ ಮತ್ತು ರೋಲ್ಫ್ ಝಿಂಕರ್‌ನಾಗೆಲ್. ಅದಕ್ಕೆ 1996ರಲ್ಲಿ ನೊಬೆಲ್ ಬಂತು. ಆದರೆ ಆ ಪ್ರಯೋಗ ಮಾಡುವಾಗ ಪೆಪ್ಟೈಡ್ ಎಲ್ಲಿ ಕೂರುತ್ತದೆ, ಕೂರುತ್ತದೋ ಇಲ್ಲವೋ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಈಗ ನೀವು ಕೇಳಿದ 'ಇದ್ದಹಾಗೇ ತೆಗೆದು ನೋಡುವ' ಕೆಲಸಕ್ಕೆ ಬರೋಣ. ಎಚ್‌ಎಲ್‌ಎಯ ಬಾಲ ಕೋಶದ ಕೊಬ್ಬಿನ ಪೊರೆಯಲ್ಲಿ ಹುದುಗಿರುತ್ತದೆ. ಪೊರೆಯಿಂದ ಕಿತ್ತರೆ ನೀರಿನಲ್ಲಿ ಕರಗದೆ ಮುದ್ದೆಯಾಗುತ್ತದೆ. ಹಾರ್ವರ್ಡಿನ ಸಂಶೋಧಕರು ಮನುಷ್ಯರ ಬಿಳಿರಕ್ತಕೋಶಗಳನ್ನು ರಾಶಿಗಟ್ಟಲೆ ಬೆಳೆಸಿ, ಪೊರೆಯ ಹೊರಗೆ ಚಾಚಿಕೊಂಡ ಭಾಗವನ್ನಷ್ಟೇ ಪಪೈನ್ ಎಂಬ ಕಿಣ್ವದಿಂದ ಕತ್ತರಿಸಿ ತೆಗೆದರು. ಪಪೈನ್ ಅಂದರೆ ಪಪ್ಪಾಯಿ ಕಾಯಿ ಗೀರಿದರೆ ಒಸರುತ್ತದಲ್ಲ, ಆ ಹಾಲಿನಲ್ಲಿರುವುದೇ. ಹಾಗೆ ಕತ್ತರಿಸಿದ್ದನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜ್ಯಾಕ್ ಸ್ಟ್ರಾಮಿಂಜರ್ ಮತ್ತು ಸಂಗಡಿಗರು ಎಚ್‌ಎಲ್‌ಎಯ ಒಂದು ರೂಪವಾದ ಎಚ್‌ಎಲ್‌ಎ-ಎ2ರ ರಚನೆ ಪ್ರಕಟಿಸಿದರು. ಎರಡು ದಂಡೆ, ನಡುವೆ ಕಾಲುವೆ, ಮತ್ತು ಆ ಕಾಲುವೆಯೊಳಗೆ ಏನೋ ಒಂದು ಮಸುಕು. ಪ್ರೋಟೀನಿನ ಭಾಗವಲ್ಲದ ಯಾವುದೋ ವಸ್ತು ಅಲ್ಲಿ ಕೂತಿತ್ತು. ಅದೇ ಪೆಪ್ಟೈಡ್. ಮಸುಕಾಗಿದ್ದು ಯಾಕೆಂದರೆ ಒಂದೊಂದು ಅಣುವಿನಲ್ಲಿ ಒಂದೊಂದು ಬೇರೆ ಪೆಪ್ಟೈಡ್ ಕೂತಿತ್ತು, ಎಲ್ಲ ಒಂದರ ಮೇಲೊಂದು ಬಿದ್ದ ಚಿತ್ರ ಅದು.

ನಿಮ್ಮ ಪ್ರಶ್ನೆಯ ತೊಡಕು ಇರುವುದು ಅಲ್ಲಿಯೇ. ಒಂದು ಕೋಶದ ಮೇಲೆ ಲಕ್ಷದ ಆಸುಪಾಸು ಎಚ್‌ಎಲ್‌ಎ ಅಣುಗಳಿರುತ್ತವೆ, ಅವುಗಳಲ್ಲಿ ಸಾವಿರಾರು ಬಗೆಯ ಪೆಪ್ಟೈಡುಗಳು. ಹೆಚ್ಚಿನವು ನಮ್ಮದೇ ಸಾಮಾನ್ಯ ಪ್ರೋಟೀನುಗಳ ಚೂರು. ವೈರಸ್ಸಿನ ಒಂದು ನಿರ್ದಿಷ್ಟ ತುಂಡು ಹತ್ತಿಪ್ಪತ್ತು ಅಣುಗಳಲ್ಲಿ ಇದ್ದರೆ ಇತ್ತು. ಇದ್ದಹಾಗೇ ತೆಗೆದರೆ ಸಿಗುವುದು ಕಲಬೆರಕೆ. ಅದರಿಂದ ಒಂದೇ ಪೆಪ್ಟೈಡ್ ಕೂತ ಅಣುಗಳನ್ನು ಆರಿಸಿ ತೆಗೆಯುವುದು ಆಗದ ಮಾತು.

'ಹಾಗಾದರೆ ಖಾಲಿ ಎಚ್‌ಎಲ್‌ಎ ಮಾಡಿಟ್ಟುಕೊಂಡು ಬೇಕಾದ ಪೆಪ್ಟೈಡ್ ತುಂಬಿಸಿ' ಎಂದು ನೀವು ಹೇಳಬಹುದು. ಖಾಲಿ ಎಚ್‌ಎಲ್‌ಎ ನಿಲ್ಲುವುದಿಲ್ಲ! ಈ ಕ್ಷೇತ್ರದ ಅರ್ಧ ಇತಿಹಾಸ ಈ ಒಂದು ಹಟಮಾರಿತನದ ಸುತ್ತ ನಡೆದಿದೆ. ಎಚ್‌ಎಲ್‌ಎಗೆ ಮೂರು ಭಾಗ: ದೊಡ್ಡ ಸರಪಳಿ, 99 ಅಮೈನೋ ಆಮ್ಲಗಳ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಸಣ್ಣ ಸರಪಳಿ, ಮತ್ತು ಪೆಪ್ಟೈಡ್. ಪೆಪ್ಟೈಡ್ ಇಲ್ಲಿ ಬಂದುಹೋಗುವ ಅತಿಥಿಯಲ್ಲ, ಅದು ಕಂಬ. ಅದನ್ನು ಕಿತ್ತರೆ ಸಣ್ಣ ಸರಪಳಿ ಬಿಟ್ಟುಹೋಗುತ್ತದೆ, ದೊಡ್ಡದು ಮುದುಡಿ ಹಾಳಾಗುತ್ತದೆ. ಕೋಶಕ್ಕೆ ಇದರಿಂದ ಲಾಭವೇ: ಏನನ್ನೂ ತೋರಿಸದ ಅಣು ಮೇಲ್ಮೈಯಲ್ಲಿ ಉಳಿದು ಅಕ್ಕಪಕ್ಕದ ಕಸವನ್ನೆಲ್ಲ ಹಿಡಿದುಕೊಂಡು ಟಿ ಕೋಶಕ್ಕೆ ಸುಳ್ಳು ಹೇಳುವುದು ತಪ್ಪುತ್ತದೆ. ಲ್ಯಾಬಿನವರಿಗೆ ಮಾತ್ರ ತಲೆನೋವು.

ನಿಮ್ಮ ಮಗಳು ಮಾಡುತ್ತಿರುವ ಕೆಲಸ ಬಹುಶಃ ಹೀಗಿರುತ್ತದೆ. 1992ರಲ್ಲಿ ಡೇವಿಡ್ ಗಾರ್ಬೋಟ್ಸಿ ಮತ್ತು ವೈಲಿ ತೋರಿಸಿದ ವಿಧಾನ, ಇವತ್ತಿಗೂ ಎಲ್ಲ ಕಡೆ ನಡೆಯುತ್ತಿದೆ. ಎರಡೂ ಸರಪಳಿಗಳ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಗೆ ಬೇರೆಬೇರೆಯಾಗಿ ಸೇರಿಸುತ್ತಾರೆ. ದೊಡ್ಡ ಸರಪಳಿಯಲ್ಲಿ ಪೊರೆಗೆ ಹುದುಗುವ ಬಾಲವನ್ನು ಜೀನಿನ ಹಂತದಲ್ಲೇ ಕತ್ತರಿಸಿರುತ್ತಾರೆ, ಪಪ್ಪಾಯಿ ಹಾಲಿನ ಕೆಲಸವನ್ನು ಈಗ ಡಿಎನ್‌ಎ ಮಾಡುತ್ತದೆ. ಬ್ಯಾಕ್ಟೀರಿಯಾಗೆ ಈ ಪರಕೀಯ ಪ್ರೋಟೀನನ್ನು ಮಡಚಲು ಬರುವುದಿಲ್ಲ, ತನ್ನೊಳಗೆ ಬಿಳಿ ಗಂಟು ಮಾಡಿ ಇಟ್ಟುಕೊಳ್ಳುತ್ತದೆ. ಆ ಗಂಟನ್ನು ತೊಳೆದು, ಗಾಢ ಯೂರಿಯಾ ದ್ರಾವಣದಲ್ಲಿ ಕರಗಿಸುತ್ತಾರೆ. ಹೌದು, ಹೊಲಕ್ಕೆ ಹಾಕುವ ಯೂರಿಯಾವೇ, ಶುದ್ಧ ರೂಪದಲ್ಲಿ. ಅದರಲ್ಲಿ ಪ್ರೋಟೀನಿನ ಮಡಿಕೆಗಳೆಲ್ಲ ಬಿಚ್ಚಿ ನೂಲಿನಂತಾಗುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಅರ್ಜಿನಿನ್ ಮತ್ತು ಗ್ಲುಟಾಥಯೋನ್ ಬೆರೆಸಿದ ತಣ್ಣನೆಯ ದ್ರಾವಣ ಒಂದು ಲೀಟರಿನಷ್ಟು ಕಾಂತದ ಕಡ್ಡಿಯಿಂದ ಮೆಲ್ಲಗೆ ತಿರುಗುತ್ತಿರುತ್ತದೆ. ಪೆಪ್ಟೈಡನ್ನು ಅದಕ್ಕೆ ಮೊದಲೇ ಹಾಕಿರುತ್ತಾರೆ. ಸಣ್ಣ ಸರಪಳಿ, ಅದರ ಹಿಂದೆ ದೊಡ್ಡ ಸರಪಳಿ, ಹನಿಹನಿಯಾಗಿ. ಒಮ್ಮೆಲೇ ಸುರಿದರೆ ನೂಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಮೊಸರೊಡೆದಂತೆ ತಳಕ್ಕಿಳಿಯುತ್ತವೆ. ನಿಧಾನಕ್ಕೆ ಹಾಕಿದರೂ ಹೆಚ್ಚಿನ ಪಾಲು ಹಾಳಾಗುವುದೇ. ಒಂದೆರಡು ದಿನ ತಣ್ಣಗಿನ ಕೋಣೆಯಲ್ಲಿ ಬಿಟ್ಟು, ಸೋಸಿ, ಗಾತ್ರದ ಪ್ರಕಾರ ಬೇರ್ಪಡಿಸುವ ಕಾಲಮ್ಮಿನಲ್ಲಿ ಹಾಯಿಸುತ್ತಾರೆ. ಮಡಚಿಕೊಂಡ ಮೂರೂ ಭಾಗಗಳ ಜೋಡಣೆ ಸುಮಾರು 45 ಕಿಲೋಡಾಲ್ಟನ್ ತೂಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಆ ಜಾಗದಲ್ಲಿ ಗೆರೆ ಗುಡ್ಡದಂತೆ ಏಳಬೇಕು. ಪಕ್ಕದಲ್ಲಿ ಪೆಪ್ಟೈಡ್ ಹಾಕದ ಇನ್ನೊಂದು ಫ್ಲಾಸ್ಕನ್ನೂ ಇಟ್ಟಿದ್ದರೆ ಅದರ ಗೆರೆಯಲ್ಲಿ ಆ ಗುಡ್ಡ ಇರುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಈ ಎರಡು ಗೆರೆಗಳನ್ನು ಅಕ್ಕಪಕ್ಕ ಅಂಟಿಸಿ ಇಡಲು ಹೇಳುತ್ತೇನೆ. ಪೆಪ್ಟೈಡ್ ಇಲ್ಲದೆ ಎಚ್‌ಎಲ್‌ಎ ಇಲ್ಲ ಎನ್ನುವುದಕ್ಕೆ ಅಷ್ಟು ಸಾಕು, ಪುಟಗಟ್ಟಲೆ ಪಾಠ ಬೇಡ.

ಈಗ ಒಂದೇ ಪೆಪ್ಟೈಡಿನ ಶುದ್ಧ ಎಚ್‌ಎಲ್‌ಎ ಕೈಗೆ ಬಂತು. ಅದನ್ನು ಗುರುತಿಸುವ ಟಿ ಕೋಶ ಯಾರ ರಕ್ತದಲ್ಲಿದೆ ಎಂದು ಹುಡುಕಬೇಕಾದರೆ ಇನ್ನೊಂದು ಅಡ್ಡಿ. ಟಿ ಕೋಶದ ಗ್ರಾಹಕ (ಅದರ ಮೈಮೇಲಿರುವ, ಹಿಡಿದು ಗುರುತಿಸುವ ಪ್ರೋಟೀನು) ಎಚ್‌ಎಲ್‌ಎಯನ್ನು ಹಿಡಿದುಕೊಳ್ಳುವುದು ಬಹಳ ಸಡಿಲವಾಗಿ, ಕೆಲವು ಸೆಕೆಂಡಿನಲ್ಲಿ ಬಿಟ್ಟುಬಿಡುತ್ತದೆ. ಕೋಶಗಳ ನಡುವೆ ಹಲವು ಜೋಡಿಗಳು ಒಟ್ಟಿಗೆ ಹಿಡಿಯುವುದರಿಂದ ಕೆಲಸ ನಡೆಯುತ್ತದೆ. ಒಂಟಿ ಅಣುವಿಗೆ ಬಣ್ಣ ಹಚ್ಚಿ ರಕ್ತಕ್ಕೆ ಬಿಟ್ಟರೆ ತೊಳೆಯುವಾಗಲೇ ಹೋಗುತ್ತದೆ. 1996ರಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಜೊತೆಗಾರರು ನಾಲ್ಕು ಅಣುಗಳನ್ನು ಒಟ್ಟಿಗೆ ಕಟ್ಟಿದರು. ದೊಡ್ಡ ಸರಪಳಿಯ ತುದಿಗೆ ಒಂದು ಪುಟ್ಟ ಗುರುತಿನ ಪಟ್ಟಿ ಸೇರಿಸಿ, ಬ್ಯಾಕ್ಟೀರಿಯಾದ ಒಂದು ಕಿಣ್ವದಿಂದ ಅದಕ್ಕೆ ಬಯೋಟಿನ್ ಎಂಬ ಜೀವಸತ್ವವನ್ನು ಅಂಟಿಸಿದರು. ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಬಯೋಟಿನ್ ಹಿಡಿಯುವ ನಾಲ್ಕು ಜಾಗಗಳಿವೆ, ಹಿಡಿದರೆ ಬಿಡುವ ಮಾತೇ ಇಲ್ಲ. ನಾಲ್ಕು ಎಚ್‌ಎಲ್‌ಎ ಸೇರಿ ಟೆಟ್ರಾಮರ್ ಆಯಿತು. ಅದಕ್ಕೆ ಹಚ್ಚುವ ಹೊಳೆಯುವ ಬಣ್ಣಗಳಲ್ಲಿ ಹೆಚ್ಚು ಬಳಕೆಯಾಗುವುದು ಫೈಕೋಎರಿಥ್ರಿನ್, ಕೆಂಪು ಕಡಲಪಾಚಿಯ ಬಣ್ಣ. ಬಿಣಗಾ ಕಡೆಯ ಬಂಡೆಗಳ ಮೇಲೆ ಇಳಿತದ ಹೊತ್ತಿಗೆ ಕಾಣುವ ಕೆಂಪು ಪಾಚಿಗಳಿಗೆ ಬಣ್ಣ ಕೊಡುವುದೂ ಇದೇ ಜಾತಿಯ ಪ್ರೋಟೀನು. ಕಾರವಾರದವನಾದ ನನಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಟೆಟ್ರಾಮರ್ ಏನು ತೋರಿಸಬಲ್ಲದು ಎನ್ನುವುದಕ್ಕೆ ಮಂಗನ ಕಾಯಿಲೆಯ ದಾಯಾದಿಯೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹಳದಿ ಜ್ವರದ ವೈರಸ್ಸೂ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಫ್ಲೇವಿವೈರಸ್ ಬಳಗದವು. ಹಳದಿ ಜ್ವರದ ಜೀವಂತ ದುರ್ಬಲ ಲಸಿಕೆ ಹಾಕಿಸಿಕೊಂಡ, ಎ*02:01 ಮಾದರಿಯ (ಎ2ರ ಬಳಗದ) ಎಚ್‌ಎಲ್‌ಎ ಇರುವವರಲ್ಲಿ, ಆ ವೈರಸ್ಸಿಗೆ ಎದುರಾಗುವ ಟಿ ಕೋಶಗಳಲ್ಲಿ ದೊಡ್ಡ ಪಾಲು ಒಂದೇ ತುಂಡಿನ ಮೇಲೆ ಮುಗಿಬೀಳುತ್ತದೆ: ಲ್ಯೂಸಿನ್, ಲ್ಯೂಸಿನ್, ಟ್ರಿಪ್ಟೋಫಾನ್, ಅಸ್ಪರಾಜಿನ್, ಗ್ಲೈಸಿನ್, ಪ್ರೋಲಿನ್, ಮೆಥಿಯೊನಿನ್, ಅಲನಿನ್, ವೇಲಿನ್. ಎರಡನೆಯ ಲ್ಯೂಸಿನ್ ಮತ್ತು ಕೊನೆಯ ವೇಲಿನ್ ಎ2ರ ಕಾಲುವೆಯ ಎರಡು ಗುಳಿಗಳಲ್ಲಿ ಕೂತು ಬೇರು ಬಿಡುತ್ತವೆ. ನಡುವಿನವು ಉಬ್ಬಿ ಮೇಲೆ ನಿಂತು ಟಿ ಕೋಶಕ್ಕೆ ಮುಖ ತೋರಿಸುತ್ತವೆ. ಈ ಒಂದು ಟೆಟ್ರಾಮರ್ ಇಟ್ಟುಕೊಂಡು, ಲಸಿಕೆ ಹಾಕಿಸಿಕೊಂಡು ಎಷ್ಟೋ ವರ್ಷಗಳಾದವರ ರಕ್ತದಲ್ಲೂ ಆ ಟಿ ಕೋಶಗಳು ಉಳಿದಿರುವುದನ್ನು ಎಣಿಸಿ ತೋರಿಸಿದ್ದಾರೆ. ಪ್ರತಿಕಾಯ ಅಳೆಯುವ ಯಾವ ಪರೀಕ್ಷೆಯಿಂದಲೂ ಇದು ತಿಳಿಯುವುದಿಲ್ಲ.

ಒಂದು ಪೆಪ್ಟೈಡಿಗೆ ಇಷ್ಟು ಪಾಡು ಪಡಬೇಕಾದರೆ ನೂರು ಪೆಪ್ಟೈಡುಗಳಿಗೆ? ಅಲ್ಲಿಂದ ಮುಂದಿನ ತಿದ್ದುಪಡಿಗಳೆಲ್ಲ ಹುಟ್ಟಿದವು. 2006ರಲ್ಲಿ ನೆದರ್‌ಲೆಂಡ್ಸಿನ ಟಾನ್ ಶುಮಾಕರ್ ಅವರ ತಂಡ, ಅತಿನೇರಳೆ ಬೆಳಕು ಬಿದ್ದರೆ ನಡುವೆ ತುಂಡಾಗುವ ಪೆಪ್ಟೈಡನ್ನು ಕಾಲುವೆಯಲ್ಲಿ ಕೂರಿಸಿತು. ದೀಪ ಹಾಕಿದ ಕೂಡಲೇ ಅದು ಮುರಿದು ಚೂರುಗಳು ಜಾರಿಹೋಗುತ್ತವೆ, ಸುತ್ತ ಇರುವ ಹೊಸ ಪೆಪ್ಟೈಡ್ ಆ ಜಾಗಕ್ಕೆ ಬರುತ್ತದೆ. ಹೊಸತು ಸರಿಯಾಗಿ ಕೂರದಿದ್ದರೆ ಅಣು ಕುಸಿಯುತ್ತದೆ, ಅದೂ ಒಂದು ಉತ್ತರವೇ. ಜರ್ಮನಿಯ ಬ್ರೆಮನ್ನಿನಲ್ಲಿ ಸೆಬಾಸ್ಟಿಯನ್ ಸ್ಪ್ರಿಂಗರ್ ಅವರ ಗುಂಪು ಬೇರೆ ದಾರಿ ಹಿಡಿಯಿತು. ದೊಡ್ಡ ಸರಪಳಿಯ 84ನೆಯ ಮತ್ತು 139ನೆಯ ಅಮೈನೋ ಆಮ್ಲಗಳನ್ನು ತೆಗೆದು ಎರಡೂ ಕಡೆ ಸಿಸ್ಟೀನ್ ಇಟ್ಟರು. ಎರಡು ಸಿಸ್ಟೀನುಗಳ ಗಂಧಕ ಪರಸ್ಪರ ಕೈಹಿಡಿದು ಕಾಲುವೆಯ ಒಂದು ತುದಿಗೆ ಸೇತುವೆಯಾಯಿತು. ಈ ಅಣು ಖಾಲಿಯಾಗಿಯೂ ನಿಲ್ಲುತ್ತದೆ, ಬೇಕಾದಾಗ ಪೆಪ್ಟೈಡ್ ಹಾಕಿಕೊಳ್ಳಬಹುದು. ಮೂರನೆಯ ದಾರಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಟೆಡ್ ಹ್ಯಾನ್ಸನ್ ಅವರ ಪ್ರಯೋಗಾಲಯದ್ದು: ಪೆಪ್ಟೈಡ್, ಸಣ್ಣ ಸರಪಳಿ, ದೊಡ್ಡ ಸರಪಳಿ ಮೂರನ್ನೂ ಬಾಗುವ ಕೊಂಡಿಗಳಿಂದ ಒಂದೇ ದಾರವಾಗಿ ಹೆಣೆದುಬಿಡುವುದು. ಪೆಪ್ಟೈಡ್ ಕಳಚಿದರೂ ದೂರ ಹೋಗಲಾರದು, ತಿರುಗಿ ಬಂದು ಕೂರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಂಬುವುದು ಹೇಗೆ?

ಕಣ್ಣುಮುಚ್ಚಿ ನಂಬಬಾರದು. ಯಾವ ತಿದ್ದುಪಡಿ ಯಾವ ಜಾಗವನ್ನು ಮುಟ್ಟಿದೆ ಎಂದು ಕೇಳಿ, ತಾನು ಕೇಳುತ್ತಿರುವ ಪ್ರಶ್ನೆ ಆ ಜಾಗದ ಬಗ್ಗೆಯೇ ಇದ್ದರೆ ಆ ಉಪಕರಣವನ್ನು ಬದಿಗಿಡಬೇಕು. ಒಂದೇ ದಾರದ ಅಣುವನ್ನೇ ನೋಡಿ. ಸಹಜ ಎಚ್‌ಎಲ್‌ಎಯಲ್ಲಿ ಪೆಪ್ಟೈಡಿನ ಬಾಲದ ತುದಿಯನ್ನು 84ನೆಯ ಟೈರೊಸಿನ್ ಬಾಗಿಲು ಹಾಕಿದಂತೆ ಮುಚ್ಚಿರುತ್ತದೆ. ಕೊಂಡಿ ಹೊರಗೆ ಬರಬೇಕಾದ್ದು ಅದೇ ಜಾಗದಲ್ಲಿ. ಹಾಗಾಗಿ ಆ ಟೈರೊಸಿನ್ ತೆಗೆದು ಪುಟ್ಟ ಅಲನಿನ್ ಇಡುತ್ತಾರೆ, ಇಲ್ಲವೇ ಸಿಸ್ಟೀನ್ ಇಟ್ಟು ಕೊಂಡಿಗೇ ಬೆಸೆಯುತ್ತಾರೆ. 'ಈ ಪೆಪ್ಟೈಡನ್ನು ಟಿ ಕೋಶ ಗುರುತಿಸುತ್ತದೆಯೇ?' ಎಂದು ಕೇಳಲು ಇದು ಒಳ್ಳೆಯ ಉಪಕರಣ. 'ಈ ಪೆಪ್ಟೈಡ್ ಎಷ್ಟು ಗಟ್ಟಿಯಾಗಿ ಕೂರುತ್ತದೆ?' ಎಂದು ಇದರಿಂದಲೇ ಅಳೆದರೆ ಮಾತ್ರ ಹಾಸ್ಯಾಸ್ಪದ, ಕಟ್ಟಿಹಾಕಿದ ದನ ಎಲ್ಲಿಗೆ ಹೋದೀತು! ಮಗಳ ಲ್ಯಾಬಿನಲ್ಲಿ ಇದನ್ನು ಬಳಸುತ್ತಿದ್ದರೆ, ತಿದ್ದಿದ ಅಣುವಿನ ಹರಳಿನ ರಚನೆಯನ್ನು ತಿದ್ದದ ಅಣುವಿನ ರಚನೆಯ ಮೇಲೆ ಇಟ್ಟು ಹೋಲಿಸಿದ್ದಾರೆಯೇ, ಈಗಾಗಲೇ ಗೊತ್ತಿರುವ ಟಿ ಕೋಶಗಳನ್ನು ಇದು ಸಹಜದಷ್ಟೇ ಎಚ್ಚರಿಸುತ್ತದೆಯೇ ಎಂದು ಕೇಳಬಹುದು. ಒಳ್ಳೆಯ ಪ್ರಬಂಧಗಳಲ್ಲಿ ಇವೆರಡೂ ಇರುತ್ತವೆ.

ಇನ್ನೊಂದು ಜಾತಿಯ ತಿದ್ದುಪಡಿಯೂ ಇದೆ, ನನಗೆ ಹೆಚ್ಚು ಇಷ್ಟವಾಗುವುದು ಅದೇ. ಅಲ್ಲಿ ತಿದ್ದುವುದು ಅನುಕೂಲಕ್ಕಲ್ಲ, ತಿದ್ದುಪಡಿಯೇ ಪ್ರಶ್ನೆ. ಎಚ್‌ಎಲ್‌ಎ-ಎ2ರ 134ನೆಯ ಜಾಗದಲ್ಲಿ ಥ್ರಿಯೊನಿನ್ ಇರುತ್ತದೆ. ಅದೊಂದನ್ನು ಲೈಸಿನ್ ಮಾಡಿ ಕೋಶಕ್ಕೆ ಸೇರಿಸಿದಾಗ, ಆ ಎ2 ಒಳಜಾಲದಲ್ಲಿ ಟ್ಯಾಪ್ ಮತ್ತು ಟಪಾಸಿನ್ ಎಂಬ ಪ್ರೋಟೀನುಗಳ ಜೊತೆ ಸೇರಲಿಲ್ಲ. ಯಾರೂ ತಡೆಯದ ಕಾರಣ ಅವಸರವಾಗಿ ಮೇಲ್ಮೈಗೆ ಬಂತು, ಆದರೆ ಸಡಿಲ ಪೆಪ್ಟೈಡುಗಳನ್ನು ಹೊತ್ತು ಬಂದದ್ದರಿಂದ ಹೆಚ್ಚು ಹೊತ್ತು ಬಾಳಲಿಲ್ಲ. ಸಹಜ ಅಣುವನ್ನು ಎಷ್ಟು ದಿಟ್ಟಿಸಿದರೂ ಇದು ತಿಳಿಯುತ್ತಿರಲಿಲ್ಲ. ಟಪಾಸಿನ್ ಜೊತೆ ಕಳೆಯುವ ಸಮಯದಲ್ಲೇ ಸಡಿಲ ಪೆಪ್ಟೈಡುಗಳನ್ನು ಕೈಬಿಟ್ಟು ಗಟ್ಟಿಯಾದವನ್ನು ಉಳಿಸಿಕೊಳ್ಳುವ ಆಯ್ಕೆ ನಡೆಯುತ್ತದೆ ಎಂಬ ತಿಳಿವಳಿಕೆಗೆ ಇಂಥ ಒಂದಕ್ಷರದ ಬದಲಾವಣೆಗಳು ದಾರಿ ಮಾಡಿಕೊಟ್ಟವು.

ತಿದ್ದಿದ ಪ್ರೋಟೀನನ್ನು ಪೂರ್ತಿ ಪರೀಕ್ಷಿಸದೆ ನಂಬಿ ಜೀವ ಹೋದ ಪ್ರಸಂಗವೂ ಇದೆ. ಅದರಲ್ಲಿ ತಿದ್ದಿದ್ದು ಎಚ್‌ಎಲ್‌ಎಯನ್ನಲ್ಲ, ಅದರ ಎದುರಿನ ಟಿ ಕೋಶದ ಗ್ರಾಹಕವನ್ನು. ಮೇಜ್-ಎ3 ಎಂಬ ಕ್ಯಾನ್ಸರ್ ಪ್ರೋಟೀನಿನ ಪೆಪ್ಟೈಡನ್ನು ಬಿಗಿಯಾಗಿ ಹಿಡಿಯಲೆಂದು ಗ್ರಾಹಕದ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ, ಆ ಟಿ ಕೋಶಗಳನ್ನು ರೋಗಿಗಳಿಗೆ ಕೊಟ್ಟರು. ಮೊದಲ ಇಬ್ಬರೂ ಹೃದಯ ಕೈಕೊಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡರು. 2013ರಲ್ಲಿ ಪ್ರಕಟವಾದ ವಿವರದ ಪ್ರಕಾರ, ಆ ಗ್ರಾಹಕ ಹೃದಯದ ಸ್ನಾಯುವಿನಲ್ಲಿರುವ ಟೈಟಿನ್ ಎಂಬ ಪ್ರೋಟೀನಿನ ಒಂದು ತುಂಡನ್ನೂ ಹಿಡಿಯುತ್ತಿತ್ತು. ಎರಡು ಪೆಪ್ಟೈಡುಗಳಲ್ಲಿ ಒಂಬತ್ತಕ್ಕೆ ಐದು ಅಮೈನೋ ಆಮ್ಲಗಳು ಮಾತ್ರ ಒಂದೇ. ಮೊದಲು ಮಾಡಿದ ಪರೀಕ್ಷೆಗಳಲ್ಲಿ ಇದು ಕಾಣಲಿಲ್ಲ. ಕಾಂಡಕೋಶದಿಂದ ಬೆಳೆಸಿದ, ನಿಜವಾಗಿ ಮಿಡಿಯುವ ಹೃದಯಕೋಶಗಳ ಮೇಲೆ ಬಿಟ್ಟಾಗಲೇ ತಿಳಿದದ್ದು. ಇದೇ ಕಲೆಯಿಂದ ಔಷಧವೂ ಬಂದಿದೆ. ಕಣ್ಣಿನ ಒಂದು ಬಗೆಯ ಮೆಲನೋಮಾಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಬೆಂಟಫಸ್ಪ್ ಅಂಥದ್ದು, ಕರಗುವಂತೆ ಮಾಡಿ ಹಿಡಿತ ಬಹುಪಟ್ಟು ಹೆಚ್ಚಿಸಿದ ಗ್ರಾಹಕ. ಹಾಗಾಗಿ ತಿದ್ದುವುದು ತಪ್ಪೆಂದು ಹೇಳುವಂತಿಲ್ಲ. ತಿದ್ದಿದ್ದನ್ನು ಸಹಜ ಕೋಶದ ಎದುರು ನಿಲ್ಲಿಸಿ ವಿಚಾರಿಸದೆ ಬಿಡುವುದು ತಪ್ಪು.

ಸಹಜ ಕೋಶದ ಎದುರು ನಿಲ್ಲಿಸುವ ದಾರಿಯೂ ಈಗ ಚೆನ್ನಾಗಿದೆ. 1991ರಲ್ಲೇ ಜರ್ಮನಿಯಲ್ಲಿ ಹಾನ್ಸ್-ಜಾರ್ಜ್ ರಾಮೆನ್ಸೇ ಅವರ ತಂಡ ಎಂಎಚ್‌ಸಿ ಅಣುಗಳಿಂದ ಪೆಪ್ಟೈಡುಗಳನ್ನು ಆಮ್ಲದಿಂದ ಬಿಡಿಸಿ ಓದಿತ್ತು. ಈಗ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಂದೇ ಮಾದರಿಯಿಂದ ಸಾವಿರಾರು ಪೆಪ್ಟೈಡುಗಳ ತೂಕ ತಿಳಿಯುತ್ತದೆ. ಇಲ್ಲೂ ಒಂದಿಷ್ಟು ತಿದ್ದುಪಡಿ ಬೇಕಾಗುತ್ತದೆ ಅನ್ನಿ. ನಮ್ಮ ಕೋಶಗಳಲ್ಲಿ ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ಸೇರಿ ಆರು ಬಗೆಯವರೆಗೆ ಒಂದನೆಯ ವರ್ಗದ ಎಚ್‌ಎಲ್‌ಎ (ಇಲ್ಲಿಯವರೆಗೆ ಹೇಳಿದ್ದೆಲ್ಲ ಈ ವರ್ಗದ್ದೇ) ಇರಬಹುದು, ಯಾವ ಪೆಪ್ಟೈಡ್ ಯಾವುದರದ್ದು ಎಂದು ಗೊಂದಲ. ಅದಕ್ಕೇ ಎಚ್‌ಎಲ್‌ಎ ಇಲ್ಲದ ಕೋಶಕ್ಕೆ ಒಂದೇ ಬಗೆಯದನ್ನು ಸೇರಿಸಿ ನೋಡುತ್ತಾರೆ. ಮಾಸ್ ಸ್ಪೆಕ್ಟ್ರೋಮೀಟರ್ 'ಕೋಶ ಇದನ್ನು ತೋರಿಸಿತು' ಎನ್ನಬೇಕು, ಟೆಟ್ರಾಮರ್ 'ಟಿ ಕೋಶ ಇದನ್ನು ಕಂಡಿತು' ಎನ್ನಬೇಕು. ಎರಡೂ ಒಂದೇ ಪೆಪ್ಟೈಡನ್ನು ಬೊಟ್ಟುಮಾಡಿದರೆ ನಾನು ಒಪ್ಪಿಕೊಳ್ಳುತ್ತೇನೆ. ಒಂದೇ ಸಾಕ್ಷಿ ಇದ್ದರೆ ಕಾಯುತ್ತೇನೆ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು ನಮ್ಮ ಜಿಲ್ಲೆಯ ಕಾಡಿಗೂ ಬಂದು ದಶಕಗಳಾದವು. ಸಿದ್ದಾಪುರದ ಕಡೆ 2024ರಲ್ಲೂ ಜನ ಸತ್ತರು. ಸೊಪ್ಪಿನ ಬೆಟ್ಟಕ್ಕೆ ದರಕು ತರಲು ಹೋಗುವವರು ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಫಾರ್ಮಲಿನ್ ಹಾಕಿ ಕೊಂದ ವೈರಸ್ಸಿನ ಹಳೆಯ ಲಸಿಕೆಯನ್ನು ವರ್ಷಗಟ್ಟಲೆ ಕೊಟ್ಟರು. ಶಿವಮೊಗ್ಗ ಜಿಲ್ಲೆಯ 2005ರಿಂದ 2010ರವರೆಗಿನ ಮಾಹಿತಿ ಹಿಡಿದು ಮಾಡಿದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ. 62, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕಂಡಿತ್ತು. ಕ್ರಮೇಣ ಆ ಲಸಿಕೆಯನ್ನು ಕೈಬಿಡಲಾಯಿತು. ಕೊಂದ ವೈರಸ್ಸಿನ ಲಸಿಕೆಗಳಿಗೆಲ್ಲ ಒಂದು ಮಿತಿ ಇದೆ: ವೈರಸ್ಸು ಕೋಶದೊಳಗೆ ಹೊಕ್ಕು ಹೊಸ ಪ್ರೋಟೀನು ತಯಾರಿಸುವುದಿಲ್ಲವಾದ್ದರಿಂದ ಒಂದನೆಯ ವರ್ಗದ ಎಚ್‌ಎಲ್‌ಎಗೆ ಸ್ಯಾಂಪಲ್ ಸಿಗುವುದು ಕಡಿಮೆ. ಪ್ರತಿಕಾಯ ಬರುತ್ತದೆ, ಸೋಂಕಾದ ಕೋಶವನ್ನು ಕೊಲ್ಲುವ ಟಿ ಕೋಶಗಳು ಅಷ್ಟಾಗಿ ತಯಾರಾಗುವುದಿಲ್ಲ. ಮುಂದಿನ ಲಸಿಕೆ ಈ ವಿಷಯದಲ್ಲಿ ಮೇಲೋ ಅಲ್ಲವೋ ಎಂದು ತಿಳಿಯಬೇಕಾದರೆ ಅಳೆಯುವ ಸಾಧನ ಬೇಕಲ್ಲ? ಆ ಸಾಧನವೇ ನಿಮ್ಮ ಮಗಳು ಮಾಡುವಂಥ ಪ್ರೋಟೀನು.

ಲೆಕ್ಕ ಹೀಗಿದೆ. ಮಂಗನ ಕಾಯಿಲೆಯ ವೈರಸ್ಸು ತನ್ನ ಪ್ರೋಟೀನುಗಳನ್ನೆಲ್ಲ 3,416 ಅಮೈನೋ ಆಮ್ಲಗಳ ಒಂದೇ ಉದ್ದ ಸರವಾಗಿ ಮಾಡಿ ಆಮೇಲೆ ತುಂಡರಿಸಿಕೊಳ್ಳುತ್ತದೆ. ಅದರಲ್ಲಿ ಒಂಬತ್ತೊಂಬತ್ತರ 3,408 ತುಂಡುಗಳು ಸಾಧ್ಯ. ಒಂದು ಬಗೆಯ ಎಚ್‌ಎಲ್‌ಎಯಲ್ಲಿ ನೂರಕ್ಕೆ ಒಂದೋ ಎರಡೋ ಸರಿಯಾಗಿ ಕೂರುತ್ತವೆ. ಕಂಪ್ಯೂಟರಿನಲ್ಲಿ ಮೊದಲು ಜಾಲಾಡಿ ಉಳಿದವನ್ನು ಅತಿನೇರಳೆ ಬೆಳಕಿನ ವಿಧಾನದಲ್ಲಿ ಒಂದು ಪ್ಲೇಟಿನಲ್ಲೇ ಪರೀಕ್ಷಿಸಬಹುದು. ಇದಕ್ಕೆ ವೈರಸ್ಸನ್ನು ಮುಟ್ಟಬೇಕಾಗಿಲ್ಲ, ಪೆಪ್ಟೈಡುಗಳನ್ನು ರಾಸಾಯನಿಕವಾಗಿ ತಯಾರಿಸಿ ಕೊಡುತ್ತಾರೆ. ಮಗಳ ಆರೋಗ್ಯದ ಚಿಂತೆಯೂ ನಿಮ್ಮ ಮನಸ್ಸಿನಲ್ಲಿದ್ದರೆ ಆ ಭಯ ಬೇಡ.

ಒಂದು ಮಾತ್ರ ಅವಳನ್ನು ಕೇಳಿ: ಯಾವ ಎಚ್‌ಎಲ್‌ಎ ತಯಾರಿಸುತ್ತಿದ್ದಾಳೆ? ಎಚ್‌ಎಲ್‌ಎ ಜೀನುಗಳಲ್ಲಿ ದಾಖಲಾದ ರೂಪಗಳು 40 ಸಾವಿರ ದಾಟಿವೆ. ಆದರೆ ಜಗತ್ತಿನ ಹೆಚ್ಚಿನ ಪ್ರಯೋಗಗಳು, ಮೇಲೆ ಹೇಳಿದ ಕಣ್ಣಿನ ಔಷಧವೂ ಸೇರಿ, ಯುರೋಪಿನವರಲ್ಲಿ ಹೇರಳವಾಗಿರುವ ಎ*02:01 ಒಂದರ ಸುತ್ತ ತಿರುಗುತ್ತವೆ. ನಮ್ಮಲ್ಲಿ ಅದು ಅಷ್ಟಿಲ್ಲ. ಎ*11:01, ಎ*24:02, ಎ*33:03 ನಮ್ಮ ದೇಶದಲ್ಲಿ ಹೆಚ್ಚು ಕಾಣುವಂಥವು, ಎ2ರ ಬಳಗದಲ್ಲೂ ಎ*02:11 ಎಂಬ ರೂಪ ನಮ್ಮಲ್ಲಿ ಬಳಕೆಯದ್ದು. ಕಾಲುವೆಯ ಗುಳಿಗಳು ಬೇರೆ, ಕೂರುವ ಪೆಪ್ಟೈಡುಗಳೂ ಬೇರೆ. ಬೋಸ್ಟನ್ನಿನಲ್ಲಿ ಸಿದ್ಧವಾಗಿ ಸಿಗುವ ಟೆಟ್ರಾಮರ್ ತರಿಸಿ ಸಿದ್ದಾಪುರದ ರೋಗಿಯ ರಕ್ತಕ್ಕೆ ಹಾಕಿ 'ಟಿ ಕೋಶ ಇಲ್ಲ' ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ. ನಮ್ಮ ಜನರ ಎಚ್‌ಎಲ್‌ಎಗೆ ನಮ್ಮಲ್ಲೇ ಅಣು ತಯಾರಿಸಬೇಕು. ನನ್ನ ದೃಷ್ಟಿಯಲ್ಲಿ ನಿಮ್ಮ ಮಗಳ ಕೆಲಸದ ನಿಜವಾದ ಬೆಲೆ ಇರುವುದು ಇಲ್ಲಿ.

ಇದಾದರೂ ಕೊನೆಯ ಅಡ್ಡಿಯೊಂದು ಉಳಿಯುತ್ತದೆ, ಅದು ಬೆಂಗಳೂರಿನಲ್ಲಿಲ್ಲ, ನಮ್ಮಲ್ಲೇ ಇದೆ. ಈಗ ಜ್ವರ ಬಂದವರ ರಕ್ತವನ್ನು ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ, ಅದಕ್ಕೆ ವೈರಸ್ಸಿನ ಆರ್‌ಎನ್‌ಎ ಉಳಿದಿದ್ದರೆ ಸಾಕು. ಟೆಟ್ರಾಮರಿಗೆ ಟಿ ಕೋಶ ಜೀವಂತ ಬೇಕು. ರಕ್ತ ತೆಗೆದ ದಿನವೇ ಸೆಂಟ್ರಿಫ್ಯೂಜ್ ಹಾಕಿ ಬಿಳಿಕೋಶಗಳನ್ನು ಬೇರೆ ಮಾಡಿ, ನಿಧಾನವಾಗಿ ಹೆಪ್ಪುಗಟ್ಟಿಸಿ, ದ್ರವ ನೈಟ್ರೋಜನ್ನಿನಲ್ಲಿ ಇಡಬೇಕು. ಗುಣವಾದವರ ರಕ್ತವನ್ನು ಹೀಗೆ ಅವರ ಒಪ್ಪಿಗೆ ಪಡೆದು, ನೈತಿಕ ಸಮಿತಿಯ ಅನುಮತಿಯೊಂದಿಗೆ ಸಂಗ್ರಹಿಸಿಡುವ ವ್ಯವಸ್ಥೆ ಜಿಲ್ಲೆಯೊಳಗೇ ಇರಬೇಕು. ಸಿದ್ದಾಪುರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಕುಮಟಾ ಮೇಲಾಗಿ ಕಾರವಾರದ ವೈದ್ಯಕೀಯ ಕಾಲೇಜಿಗೆ ಮಧ್ಯಾಹ್ನದೊಳಗೆ ಮುಟ್ಟುತ್ತದೆ, ಬೆಂಗಳೂರಿಗೆ ಮುಟ್ಟುವಾಗ ರಾತ್ರಿ. ದ್ರವ ನೈಟ್ರೋಜನ್ ನಮಗೆ ಹೊಸತೂ ಅಲ್ಲ, ದನಗಳ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವ ಜಾಡಿ ಪ್ರತಿ ತಾಲೂಕಿನ ಪಶು ಆಸ್ಪತ್ರೆಯಲ್ಲಿದೆ, ಅದನ್ನು ತುಂಬಿಸಲು ಗಾಡಿಯೂ ಬರುತ್ತದೆ. ಬೇಕಾದ್ದು ಒಂದು ಸೆಂಟ್ರಿಫ್ಯೂಜ್, ಮೈನಸ್ 80 ಡಿಗ್ರಿಯ ಒಂದು ಫ್ರೀಜರ್, ಅದಕ್ಕೆ ಕರೆಂಟು ಹೋಗದಂತೆ ಜನರೇಟರ್, ಮತ್ತು ಕೋಶ ಬೇರ್ಪಡಿಸಲು ಕಲಿತ ಒಬ್ಬ ತಂತ್ರಜ್ಞ.